ಫಟಾಕಿ ಅಂಗಡಿಗೆ ಬಯಲು ಜಾಗ ಕೊಡಿರಿ

ದೀಪಾವಳಿ ಹೊತ್ತಿಗೆ ನಮ್ಮ ಹನ್ನೂರ, ಅಕ್ಕಲಕೋಟ ಭಾಗದಲ್ಲಿ ಸೋಯಾಬೀನದ ಬಣವಿ ಇನ್ನೂ ಹೊಲದಾಗೇ ಇರತಾವ. ಹಿತ್ತಲದಾಗ ಕಣಿಕಿ ಒಟ್ಟಿರತದ. ಆಗಲೇ ಕಿರಾಣಿ ಅಂಗಡಿಯೊಳಗೆ ಎಣ್ಣಿ ಡಬ್ಬಿಯ ಬಾಜೂಕ ಫಟಾಕಿ ಪೆಟ್ಟಿಗೆ ಬಂದು ಕೂಡತಾವ. ಇದನ್ನು ನಿಲ್ಲಿಸಬೇಕೆಂಬುದೇ ನನ್ನ ಮಾತು.

2008ರ ಸ್ಫೋಟಕ ನಿಯಮದಲ್ಲಿ ಎಲ್ಲ ಬರೆದದ. ಹಬ್ಬದ ಅಂಗಡಿ ಅಂಗಡಿಗಳ ನಡುವೆ 3 ಮೀಟರ, ಜನವಸತಿಯಿಂದ 50 ಮೀಟರ ಅಂತರವಿರಬೇಕು. ಎದುರುಬದುರು ಹಾಕಕೂಡದು, ಒಳಗೆ ಚಿಮಣಿ, ಗ್ಯಾಸಬತ್ತಿ ಹಚ್ಚಕೂಡದು. ಇದು ಕೇಂದ್ರದ ಕಾನೂನು. ಮಾಲು ಆಳಂದ, ಅಫಜಲಪುರದಿಂದ ತಂದರೂ ಅದೇ. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10ರ ಹೊತ್ತು ಗೊತ್ತು ಮಾಡಿತು, ಸರಪಟಾಕಿ ಬೇಡವೆಂದಿತು. ನಮ್ಮ ಓಣಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ!

2023ರ ಜನವರಿ 1ಕ್ಕೆ ನಮ್ಮ ಜಿಲ್ಲೆಯ ಬಾರ್ಶಿ ತಾಲೂಕಿನಲ್ಲೇ ಫಟಾಕಿ ಕಾರಖಾನೆ ಸಿಡಿದು ಕೂಲಿ ಹೆಣ್ಣುಮಕ್ಕಳು ಸತ್ತರು. ಅದೇ ವರ್ಷ ಅಕ್ಟೋಬರ 7ಕ್ಕೆ ಬೆಂಗಳೂರ ಹತ್ತಿರದ ಅತ್ತಿಬೆಲೆಯಲ್ಲಿ ಅಂಗಡಿ-ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಹೋದರು. ಕೂಲಿಗೆ ಬಂದ ತಮಿಳುನಾಡಿನ ಹುಡುಗರು ಅವರಲ್ಲಿದ್ದರು.

"ನಾಕು ದಿನದ ಧಂದಾ, ಊರ ಹೊರಗ ಯಾರು ಬರತಾರ್ರೀ?" ಅಂತಾರ ವ್ಯಾಪಾರಿಗಳು. ಒಬ್ಬನೇ ಹೋದರ ಗಿರಾಕಿ ಬರೂದಿಲ್ಲ, ಖರೇ. ಎಲ್ಲಾರೂ ಹೋದರ ಯಾಕ ಬರೂದಿಲ್ಲ? ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರಿ ಮದ್ದು ನೋಡಲಿಕ್ಕೆ ಹೋಮ್ ಮೈದಾನಕ್ಕ ಮಂದಿ ನಡಕೊಂಡು ಹೋಗೂದಿಲ್ಲೇನು? ಗ್ರಾಮಪಂಚಾಯತಿ ಹಬ್ಬಕ್ಕಿಂತ ತಿಂಗಳು ಮೊದಲೇ ಠರಾವು ಮಾಡಿ, ಬಯಲು ತೋರಿಸಿ, ನೀರಿನ ಟ್ಯಾಂಕರ ನಿಲ್ಲಿಸಲಿ. ಪರವಾನಗಿ ಅರ್ಜಿಯನ್ನೂ ಎಲ್ಲರದು ಕೂಡಿಸಿ ಕಳಿಸಲಿ.