ಹಟ್ಟಿಗೊಂದು ಅಕ್ಕಂದಿರ ಬಳಗ ಕಟ್ಟೋಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅಕ್ಕಂದಿರಲ್ಲಿ, ಅಮ್ಮಂದಿರಲ್ಲಿ, ಊರ ಹಿರಿಯರಲ್ಲಿ ಒಂದು ಮನವಿ



ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದೂ ಮದುವೆಯ ಲಗ್ನಗಳು ಸಾಲುಗಟ್ಟುವುದೂ ನಮ್ಮ ಕಡೆ ಒಂದೇ ಬೇಸಿಗೆಯಲ್ಲಿ. ಗಣಿತದಲ್ಲಿ ಫೇಲಾದ ಮಗನಿಗೆ ‘ಇನ್ನೊಂದು ಸಲ ಕಟ್ಟು’ ಅನ್ನುತ್ತೇವೆ. ಅದೇ ಗಣಿತದಲ್ಲಿ ಫೇಲಾದ ಮಗಳಿಗೆ ‘ಓದಿದ್ದು ಸಾಕು’ ಅನ್ನುತ್ತೇವೆ. ಆ ಮಾತು ಹೊಸಿಲು ದಾಟಿದ ವಾರದೊಳಗೆ ಸೋದರಮಾವನ ಮನೆಯವರೋ ಗಡಿಯಾಚೆಯ ನೆಂಟರೋ ಹೆಣ್ಣು ಕೇಳಲು ಬರುತ್ತಾರೆ. ಯಾರೂ ಬರದಿದ್ದರೆ ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸ್ ಇದ್ದೇ ಇದೆ. ಹದಿನಾರು ವರ್ಷದ ಹುಡುಗಿಯ ಬದುಕು ಆ ಒಂದು ವಾರದಲ್ಲಿ ತೀರ್ಮಾನವಾಗಿಬಿಡುತ್ತದೆ. ಟೀಚರಿಗೆ ರಜೆ. ಅಂಗನವಾಡಿಯವರಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಚಪ್ಪರ ಎದ್ದಿರುತ್ತದೆ. ಅವಳ ಪರವಾಗಿ ಆ ಮನೆಯೊಳಗೆ ಬಂದು ಕೂತು ಮಾತಾಡುವ ಹೆಂಗಸು ಒಬ್ಬಳೂ ಇರುವುದಿಲ್ಲ.

ಆ ಹೆಂಗಸು ಇರಬೇಕು ಎಂಬುದೇ ಈ ಕರಪತ್ರದ ಮಾತು. ನಮ್ಮ ನಾಲ್ಕೂ ತಾಲ್ಲೂಕಿನ ಪ್ರತಿ ದಲಿತ ಕೇರಿಯಲ್ಲಿ, ನಾಯಕರ ಹಟ್ಟಿಯಲ್ಲಿ, ಗೊಲ್ಲರಹಟ್ಟಿಯಲ್ಲಿ, ಲಂಬಾಣಿ ತಾಂಡಾದಲ್ಲಿ, ಪೇಟೆಯ ಮೊಹಲ್ಲಾದಲ್ಲಿ ಅಕ್ಕಂದಿರ ಬಳಗವೊಂದು ಏಳಬೇಕು. ಹನ್ನೆರಡರಿಂದ ಹದಿನೆಂಟರ ನಡುವಿನ ಪ್ರತಿ ಹುಡುಗಿಗೂ ‘ಇವಳು ನನ್ನ ಹೊಣೆ’ ಎಂದು ಹೇಳುವ ಒಬ್ಬಳು ಅಕ್ಕ ಅದೇ ಕೇರಿಯಲ್ಲಿ ಇರಬೇಕು. ಅವಳು ಅಧಿಕಾರಿ ಆಗಿರಬೇಕಿಲ್ಲ, ಬಹಳ ಓದಿದವಳೂ ಆಗಿರಬೇಕಿಲ್ಲ. ಹುಡುಗಿ ಏಳನೇ ಕ್ಲಾಸಾದರೆ ಅಕ್ಕ ಪಿಯುಸಿ ಮುಗಿಸಿದ್ದರೆ ಸಾಕು. ಓದದ ಹೆಂಗಸಾದರೂ ಎದೆಗಾರಿಕೆ ಇದ್ದರೆ ಅದೂ ಸಾಕು.

ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪ್ರತಿ ವರ್ಷ ಫಲಿತಾಂಶ ಬಂದಾಗ ನಮ್ಮ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂಬ ಲೆಕ್ಕವೇ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುತ್ತದೆ. ಆದರೆ ಆ ಲೆಕ್ಕ ಪರೀಕ್ಷೆಗೆ ಕೂತವರದ್ದು. ಎಂಟನೇ ತರಗತಿಯಲ್ಲಿ ದೊಡ್ಡವಳಾದಳೆಂದು ಶಾಲೆ ಬಿಟ್ಟವಳು, ಹುಣಸೆ ಸುಗ್ಗಿಯಲ್ಲಿ ಹಣ್ಣು ಬಡಿದು ಬೀಜ ಬಿಡಿಸುವ ಕೂಲಿಗೆ ಹೋಗಿ ವಾಪಸ್ಸು ಶಾಲೆಯ ಮುಖ ನೋಡದವಳು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವಳು ಆ ಶೇಕಡಾವಾರಿನಲ್ಲಿ ಎಲ್ಲೂ ಸಿಗುವುದಿಲ್ಲ. ಅವಳ ಹೆಸರು ಗೊತ್ತಿರುವುದು ಅವಳ ಕೇರಿಗೆ ಮಾತ್ರ. ಹಾಗಾಗಿ ಅವಳನ್ನು ಹುಡುಕುವ ಕೆಲಸವೂ ಕೇರಿಯದ್ದೇ.

‘ಇದಕ್ಕೆಲ್ಲ ಪುರುಸೊತ್ತು ಯಾರಿಗಿದೆ’ ಎಂದು ಕೇಳುವವರಿದ್ದಾರೆ. ಅಕ್ಕಂದಿರೇ, ನಮ್ಮ ಸಂಘಗಳನ್ನೇ ನೋಡಿ. ಸ್ತ್ರೀಶಕ್ತಿ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2000ದಲ್ಲಿ. ಅಲ್ಲಿಂದೀಚೆಗೆ ಸಂಘವಿಲ್ಲದ ಹಟ್ಟಿ ಹುಡುಕಿದರೂ ಸಿಗುವುದು ಕಷ್ಟ. ವಾರದ ದಿನ ಬಂದರೆ ಎಲ್ಲ ಕೆಲಸ ಬಿಟ್ಟು ಸೇರುತ್ತೇವೆ. ಒಬ್ಬಳು ಕಂತು ತರದಿದ್ದರೆ ಉಳಿದವರೆಲ್ಲ ಅವಳ ಬಾಗಿಲಿಗೆ ಹೋಗಿ ಕೂರುತ್ತೇವೆ, ಏನಾಯಿತು ಎಂದು ಕೇಳುತ್ತೇವೆ, ಕೊನೆಗೆ ನಮ್ಮ ಕೈಯಿಂದಲೇ ಹಾಕಿ ಕಂತು ತುಂಬಿಸುತ್ತೇವೆ. ಒಂದು ವಾರದ ಕಂತಿಗಾಗಿ ಇಷ್ಟು ಮಾಡಬಲ್ಲ ನಾವು, ಒಂದು ವಾರ ಶಾಲೆಗೆ ಹೋಗದ ಹುಡುಗಿಯ ಬಾಗಿಲಿಗೆ ಯಾಕೆ ಹೋಗಬಾರದು? ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಕೇರಿಯ ಹುಡುಗಿಯರ ಹೆಸರು ಬರೆಯಿರಿ. ಸಭೆ ಮುಗಿಯುವ ಮುಂಚೆ ಒಂದೊಂದೇ ಹೆಸರು ಓದಿ. ಈ ವಾರ ಶಾಲೆಗೆ ಹೋದಳೋ ಇಲ್ಲವೋ, ಇಷ್ಟು ಕೇಳಿದರೆ ಅರ್ಧ ಕೆಲಸ ಆದಂತೆ.

ಫೇಲಾದ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇವೆ, ಯಾಕೆಂದರೆ ನಮ್ಮ ಹೆಣ್ಣುಮಕ್ಕಳು ಹೆಚ್ಚು ಕಳೆದುಹೋಗುವುದು ಅಲ್ಲೇ. 2023-24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಎರಡನೆಯದರಲ್ಲಿ ಬರೆದು ಅದೇ ವರ್ಷ ಪಿಯುಸಿಗೆ ಸೇರಬಹುದು. ಈ ಸಂಗತಿ ತಿಳಿಯದ ಅಪ್ಪ ಅಮ್ಮಂದಿರು ಇನ್ನೂ ಇದ್ದಾರೆ. ಅವರ ಪಾಲಿಗೆ ಫೇಲು ಅಂದರೆ ಮುಗಿಯಿತು. ನೋಂದಣಿಗೆ ಕೊಡುವ ದಿನಗಳು ಕೆಲವೇ. ಹುಡುಗಿ ಅವಮಾನದಿಂದ ಮನೆಯಿಂದ ಆಚೆ ಬರುವುದಿಲ್ಲ, ಶಾಲೆಗೆ ಹೋಗಿ ಅರ್ಜಿ ತುಂಬಿ ಎಂದು ಯಾರೂ ಹೇಳುವುದಿಲ್ಲ. ಅಕ್ಕ ಮಾಡಬೇಕಾದ್ದು ಇಷ್ಟು: ಫಲಿತಾಂಶದ ದಿನ ಸಂಜೆಯೊಳಗೆ ಆ ಮನೆಗೆ ಹೋಗಬೇಕು. ಬೈಯದೆ, ಬುದ್ಧಿವಾದ ಹೇಳದೆ ಅವಳ ಪಕ್ಕ ಕೂರಬೇಕು. ಮರುದಿನವೇ ಅವಳನ್ನು ಕರೆದುಕೊಂಡು ಹೈಸ್ಕೂಲಿಗೆ ಹೋಗಿ ಹೆಡ್ ಮಾಸ್ಟರ ಹತ್ತಿರ ಅರ್ಜಿ ತುಂಬಿಸಬೇಕು. ಮುಂದಿನ ಪರೀಕ್ಷೆಯವರೆಗೆ ಗಣಿತ ಹೇಳಿಕೊಡಲು ಡಿಗ್ರಿ ಓದುವ ಹುಡುಗಿಯನ್ನೋ ಹುಡುಗನನ್ನೋ ಗೊತ್ತು ಮಾಡಬೇಕು. ಆ ಕೆಲವು ದಿನ ಹೆಣ್ಣು ನೋಡಲು ಬರುವವರನ್ನು ತಡೆದು ನಿಲ್ಲಿಸಿದರೆ ಅವಳ ಬದುಕು ಬೇರೆ ದಾರಿ ಹಿಡಿಯುತ್ತದೆ.

ಮದುವೆಯ ಅವಸರಕ್ಕೆ ಅಪ್ಪ ಅಮ್ಮಂದಿರನ್ನು ದೂರಿ ಪ್ರಯೋಜನವಿಲ್ಲ. ಅವರಿಗಿರುವುದು ಭಯ. ದಾರಿಯ ಭಯ, ಬಸ್ಸಿನ ಭಯ, ಹುಡುಗಿ ಯಾರನ್ನೋ ಮೆಚ್ಚಿ ಹೋದರೆ ಎಂಬ ಭಯ. ಇವಳು ಕಪ್ಪಗಿದ್ದಾಳೆ, ವಯಸ್ಸಾದಷ್ಟೂ ವರದಕ್ಷಿಣೆ ಏರುತ್ತದೆ ಎಂಬ ಲೆಕ್ಕವೂ ಅದರೊಳಗಿದೆ. ಚಿಕ್ಕಂದಿನಿಂದ ‘ಕರಿಯವಳು’ ಎಂದೇ ಕರೆಸಿಕೊಂಡು ಬೆಳೆದ ಹುಡುಗಿ ತನಗೆ ಬೆಲೆಯಿಲ್ಲವೆಂದು ನಂಬಿಬಿಡುತ್ತಾಳೆ. ಜಾತಿಯ ಹೆಸರು ಹಿಡಿದು ಶಾಲೆಯಲ್ಲಿ ಒಂದು ಮಾತು ಕೇಳಿದರೆ ಆ ನಂಬಿಕೆ ಇನ್ನೂ ಆಳಕ್ಕಿಳಿಯುತ್ತದೆ. ಅವಳ ಮೈಬಣ್ಣದವಳೇ, ಅವಳ ಜಾತಿಯವಳೇ ಆದ ನರ್ಸಮ್ಮನೋ ಪೊಲೀಸ್ ಅಕ್ಕನೋ ವಕೀಲೆಯೋ ಎದುರಿಗೆ ಬಂದು ‘ನಾನೂ ಈ ಕೇರಿಯವಳೇ’ ಅಂದರೆ ಅವಳು ನೆಟ್ಟಗೆ ಕೂರುತ್ತಾಳೆ. ನಮ್ಮ ಊರುಗಳಿಂದ ಓದಿ ಕೆಲಸಕ್ಕೆ ಹೋದ ಹೆಣ್ಣುಮಕ್ಕಳೇ, ಹಬ್ಬಕ್ಕೆ ಜಾತ್ರೆಗೆ ಬಂದಾಗ ಒಂದು ಗಂಟೆ ನಿಮ್ಮ ಕೇರಿಯ ಹುಡುಗಿಯರ ಜೊತೆ ಕೂತು ಹೋಗಿ.

ಕಾನೂನು ನಮ್ಮ ಕಡೆಗಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಈ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಪಾವಗಡಕ್ಕಂತೂ ಮೂರು ಕಡೆ ಆಂಧ್ರ. ಇಲ್ಲಿ ತಡೆದರೆ ಅಲ್ಲಿಯ ಗುಡಿಯಲ್ಲಿ ತಾಳಿ ಕಟ್ಟಿಸಬಹುದು, ನಮ್ಮ ಅಧಿಕಾರಿಯ ಅಧಿಕಾರ ಗಡಿಯ ಈಚೆಗೇ ನಿಲ್ಲುತ್ತದೆ. ಅಕ್ಕನಿಗೆ ಗಡಿಯಿಲ್ಲ. ಲಗ್ನಪತ್ರಿಕೆ ಅಚ್ಚಾಗುವ ಮುಂಚೆಯೇ, ಬಟ್ಟೆ ತರುವ ಮಾತು ನಡೆಯುವಾಗಲೇ ಅವಳಿಗೆ ಗೊತ್ತಾಗುತ್ತದೆ. 2006ರ ನಂತರ ಬಡ ಕುಟುಂಬದಲ್ಲಿ ಹುಟ್ಟಿದ ಎಷ್ಟೋ ಹುಡುಗಿಯರ ಹೆಸರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆ. ಹದಿನೆಂಟರೊಳಗೆ ಮದುವೆ ಮಾಡಿದರೆ ಆ ದುಡ್ಡು ಸಿಗುವುದಿಲ್ಲ. ಇದನ್ನು ಅಪ್ಪನಿಗೆ ನೆನಪಿಸುವುದೂ ಅಕ್ಕನ ಕೆಲಸವೇ.

ದಾರಿಯ ಭಯ ಸುಳ್ಳಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಮಗುಚಿ ಕಾಲೇಜಿಗೆ ಹೊರಟಿದ್ದ ಮಕ್ಕಳು ಜೀವ ಕಳೆದುಕೊಂಡರು. ಜನ ಕಿಕ್ಕಿರಿದ ಬಸ್ಸದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಬೆಳಗ್ಗೆ ಎಂಟಕ್ಕೆ ಬಸ್ಸೇ ಬಾರದ ಊರಿಗೆ ಅದರಿಂದ ಏನು ಬಂತು? ಎಂಟನೇ ತರಗತಿಗೆ ಸೈಕಲ್ ಕೊಡುವ ಯೋಜನೆ 2006ರಲ್ಲಿ ಬಂದಾಗ ನಮ್ಮ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋದರು. ಕೊರೊನಾ ಕಾಲದಿಂದ ಅದು ನಿಂತಿತು. ಬಸ್ಸು ಬಿಡಿ, ಸೈಕಲ್ ಕೊಡಿ ಎಂದು ಡಿಪೊ ಮುಂದೆ, ಶಾಸಕರ ಮುಂದೆ ಕೇಳಬೇಕಾದವರು ಹುಡುಗಿಯರ ಹಿಂದೆ ನಿಂತ ಈ ಅಕ್ಕಂದಿರು.

ಅದೇ ಪಾವಗಡದ ತಿರುಮಣಿ, ವಳ್ಳೂರು ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ. ಭೂಮಿಯೇ ಇಲ್ಲದ ಕೇರಿಯ ಹೆಂಗಸರಿಗೆ ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿ ಹೋಯಿತು. ಕೂಲಿ ಹೋದ ಮನೆಯಲ್ಲಿ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೊರಟರೆ ಹುಡುಗಿಯನ್ನು ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆ ಬರುತ್ತದೆ. ಆಗ ಸಿಗುವ ಸುಲಭದ ಉತ್ತರ ಮದುವೆ. ಇನ್ನೊಂದು ಉತ್ತರವೂ ಇದೆ: ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಅರ್ಜಿಯ ದಿನ, ಜಾತಿ ಆದಾಯ ಪ್ರಮಾಣಪತ್ರ, ಸೀಟಿನ ಓಡಾಟ ಬಲ್ಲ ಅಕ್ಕ ಒಬ್ಬಳಿದ್ದರೆ ಆ ಉತ್ತರ ಕೈಗೆ ಸಿಗುತ್ತದೆ.

ಗೊಲ್ಲರಹಟ್ಟಿಯ ಅಣ್ಣ ತಮ್ಮಂದಿರೇ, ಈ ಮಾತು ನೋಯಿಸಲು ಹೇಳುತ್ತಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದರು, ಮಳೆ ಚಳಿಯಲ್ಲಿ ಹಸುಗೂಸು ತೀರಿಕೊಂಡಿತು. ಮುಟ್ಟಾದ ಹುಡುಗಿಯೂ ಹಾಗೇ ಹೊರಗೆ ಮಲಗುತ್ತಾಳೆ, ಹಾವು ಚೇಳಿಗೆ ಹೆದರುತ್ತಾ, ಪರೀಕ್ಷೆ ಇದ್ದರೂ ಪುಸ್ತಕವಿಲ್ಲದೆ. ಮುಟ್ಟಾದವರನ್ನು ಹೀಗೆ ಹೊರಗಿಡುವುದನ್ನು ರಾಜ್ಯದ 2017ರ ಅಮಾನವೀಯ ಆಚರಣೆ ನಿಷೇಧ ಕಾಯ್ದೆ ಅಪರಾಧವೆಂದಿದೆ. ಪೊಲೀಸರು ಬಂದ ದಿನ ಒಳಗೆ ಕರೆದು, ಹೋದ ಮೇಲೆ ಮತ್ತೆ ಹೊರಗೆ ಕೂರಿಸಿದರೆ ಏನೂ ಬದಲಾಗದು. ಹಟ್ಟಿಯ ಹೆಂಗಸರೇ ಮೊದಲು ತಮ್ಮ ಮಗಳನ್ನು ಒಳಗೆ ಮಲಗಿಸಬೇಕು. ಒಬ್ಬಳೇ ಮಾಡಿದರೆ ಬೈಗುಳ ಅವಳೊಬ್ಬಳ ಪಾಲಿಗೆ. ಐದು ಮನೆ ಒಟ್ಟಿಗೆ ಮಾಡಿದರೆ ಹಟ್ಟಿ ಸುಮ್ಮನಾಗುತ್ತದೆ. ಬಳಗ ಬೇಕಾಗಿರುವುದು ಇದಕ್ಕೇ.

ಇಂಥ ಕೆಲಸ ಹಿಂದೆ ನಡೆದಿಲ್ಲವೆಂದಲ್ಲ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಶುರುಮಾಡಿದ ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕೆ ಫಾತಿಮಾ ಶೇಖ್ ಜೊತೆಯಾದರು. ಫುಲೆಯವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ, ನಮ್ಮ ಮಾದಿಗರಿಗೆ ಸಮನಾದ ಮಾಂಗ್ ಜಾತಿಯ ಹುಡುಗಿ, ಹದಿನಾಲ್ಕರ ಪ್ರಾಯದಲ್ಲಿ ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅಮೆರಿಕದ ಕಪ್ಪು ಹೆಂಗಸರು 1896ರಲ್ಲಿ ರಾಷ್ಟ್ರಮಟ್ಟದ ಸಂಘ ಕಟ್ಟಿದಾಗ, ತಾವು ಮೇಲೇರುವಾಗ ಹಿಂದಿನವರನ್ನೂ ಮೇಲೆತ್ತುತ್ತೇವೆ ಎಂಬುದನ್ನೇ ತಮ್ಮ ಧ್ಯೇಯವಾಗಿ ಇಟ್ಟುಕೊಂಡರು. ನಮ್ಮದೇ ರಾಜ್ಯದಲ್ಲಿ 1989ರಲ್ಲಿ ಬಂದ ಮಹಿಳಾ ಸಮಖ್ಯಾ ಕಾರ್ಯಕ್ರಮ ಕೂಲಿ ಹೆಂಗಸರ ಸಂಘಗಳನ್ನೂ ಕಿಶೋರಿ ಸಂಘಗಳನ್ನೂ ಕಟ್ಟಿತು. ಕೇಂದ್ರ ಸರ್ಕಾರ ಅದನ್ನು 2016ರಲ್ಲಿ ನಿಲ್ಲಿಸಿತು.

ಬಾಗಲಕೋಟೆ, ವಿಜಯಪುರದಲ್ಲಿ ಪರಿಶಿಷ್ಟ ಹುಡುಗಿಯರಿಗಾಗಿಯೇ ‘ಸಮತಾ’ ಎಂಬ ಕಾರ್ಯಕ್ರಮ ನಡೆಯಿತು. ಅದರಲ್ಲಿ ಹುಡುಗಿಯರ ಗುಂಪು ಕಟ್ಟಿದ ಹಳ್ಳಿಗಳನ್ನೂ ಕಟ್ಟದ ಹಳ್ಳಿಗಳನ್ನೂ 2014ರಿಂದ 2017ರವರೆಗೆ ಹೋಲಿಸಿ ನೋಡಿದಾಗ, ಹೈಸ್ಕೂಲು ಮುಗಿಸುವುದರಲ್ಲಿ ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಇದರಿಂದ ನಾವು ತಿಳಿದುಕೊಂಡದ್ದು ಇಷ್ಟು: ಗುಂಪು ಕಟ್ಟಿ ಹಾಡು ಹಾಡಿಸಿ ಆಟ ಆಡಿಸಿದರೆ ಸಾಲದು. ಬಸ್ಸು, ಹಾಸ್ಟೆಲ್ಲು, ಪರೀಕ್ಷೆಯ ಅರ್ಜಿ, ಅಪ್ಪನ ಸಾಲ, ಇವೆಲ್ಲದರಲ್ಲೂ ಕೈ ಹಾಕಬೇಕು. ಯೋಜನೆಯ ಅವಧಿ ಮುಗಿದರೂ ಕೇರಿಯಲ್ಲೇ ಇರುವವರು ಆ ಕೈ ಹಾಕಬೇಕು.

ಒಂದು ಎಚ್ಚರಿಕೆ. ಅಕ್ಕ ಹುಡುಗಿಯ ಮೇಲೆ ಕಣ್ಣಿಡುವ ಬೇಹುಗಾರ್ತಿ ಆಗಬಾರದು. ಅವಳ ಮೊಬೈಲು ಕಿತ್ತು ನೋಡುವುದು, ಯಾರ ಜೊತೆ ಮಾತಾಡಿದಳೆಂದು ಅಣ್ಣನಿಗೆ ಹೇಳುವುದು ಮಾಡಿದರೆ ಅವಳು ಮುಂದೆಂದೂ ಬಾಯಿ ಬಿಡುವುದಿಲ್ಲ. ಹುಡುಗಿ ಹೇಳಿದ ಮಾತು ಅಕ್ಕನಲ್ಲೇ ಇರಬೇಕು. ಅವಳ ಜೀವಕ್ಕೆ, ಮೈಗೆ ಅಪಾಯವಿದ್ದಾಗ ಮಾತ್ರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಅದನ್ನೂ ಹುಡುಗಿಗೆ ಹೇಳಿಯೇ ಮಾಡಬೇಕು. ಅಪಾಯ ಮಾಡಿದವನು ಸ್ವಂತ ಮನೆಯವನೇ ಆಗಿದ್ದರೂ ಸರಿ.

ಗ್ರಾಮ ಪಂಚಾಯಿತಿಯವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಾರಕ್ಕೆ ಒಂದು ಸಂಜೆ ಹುಡುಗಿಯರಿಗೆಂದೇ ಮೀಸಲಿಡಿ, ಕಂಪ್ಯೂಟರ್ ಮುಟ್ಟಲು ಬಿಡಿ. ಮಕ್ಕಳ ಗ್ರಾಮಸಭೆಯನ್ನು ಫೋಟೊ ತೆಗೆಸಿ ಮುಗಿಸಬೇಡಿ. ಹುಡುಗಿ ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ ಅಂದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ, ಮುಂದಿನ ಸಭೆಯಲ್ಲಿ ಉತ್ತರ ಕೊಡಿ.

ಅಕ್ಕಂದಿರೇ, ಬರುವ ಭಾನುವಾರ ನಿಮ್ಮ ಕೇರಿಯ ಅಂಗನವಾಡಿ ಜಗುಲಿಯಲ್ಲೋ ಅರಳಿಕಟ್ಟೆಯಲ್ಲೋ ಸೇರಿ. ಹನ್ನೆರಡು ದಾಟಿದ ಪ್ರತಿ ಹುಡುಗಿಯ ಹೆಸರು ಬರೆಯಿರಿ, ಶಾಲೆ ಬಿಟ್ಟವಳದ್ದನ್ನು ಮೊದಲು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಬ್ಬ ಅಕ್ಕನ ಹೆಸರು ಇರಲಿ. ಈ ಕರಪತ್ರ ಓದಲು ಬಾರದ ಅಮ್ಮನಿಗೆ ಓದಿ ಹೇಳಿ, ಆಮೇಲೆ ಪಕ್ಕದ ಹಟ್ಟಿಗೆ ಕೊಡಿ.