ಸೌಲಭ್ಯವಿದೆ, ಜೊತೆಗೆ ಬರುವವರಿಲ್ಲ



ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ತೊಗರಿ ನಾಡಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೂ ನಮ್ಮ ಮಲೆನಾಡಿಗೂ ಮಳೆಯಲ್ಲಿ ಹೋಲಿಕೆಯಿಲ್ಲ, ಮಣ್ಣಿನಲ್ಲಿ ಇಲ್ಲ, ಬೆಳೆಯಲ್ಲಂತೂ ಇಲ್ಲವೇ ಇಲ್ಲ. ಆದರೆ ಒಂದು ವಿಷಯದಲ್ಲಿ ಎರಡೂ ಕಡೆಯ ಸ್ಥಿತಿ ಒಂದೇ ಆಗುತ್ತ ಬಂದಿದೆ. ದುಡಿಯುವ ವಯಸ್ಸಿನ ಮಕ್ಕಳು ಊರಿನಲ್ಲಿಲ್ಲ. ಮನೆ ಕಾಯುತ್ತಿರುವವರು ಮುದುಕರು. ನಮ್ಮ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದರು. ಅಲ್ಲಿಯವರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ನಮ್ಮ ಹಿರಿಯರಿಗೆ ಬ್ಯಾಂಕಿನಲ್ಲಿ ನಾಲ್ಕು ಕಾಸಾದರೂ ಇರುತ್ತದೆ, ಅಲ್ಲಿ ಬಹಳ ಮನೆಗಳಲ್ಲಿ ಅದೂ ಇಲ್ಲ. ಆದುದರಿಂದ, ವಯೋವೃದ್ಧರಿಗೆಂದು ಸರ್ಕಾರ ಇಟ್ಟಿರುವ ನೆರವು ನಿಜವಾಗಿ ಕೈಗೆ ಸಿಗುತ್ತದೆಯೇ ಎಂದು ಒರೆಗೆ ಹಚ್ಚಿ ನೋಡುವುದಕ್ಕೆ ಆ ಮೂರು ತಾಲ್ಲೂಕುಗಳೇ ತಕ್ಕ ಜಾಗ.

ಮೊದಲಿಗೆ ಒಂದು ಮಾತು. ನೆರವೇ ಇಲ್ಲ ಎಂದು ದೂರುವುದು ಸರಿಯಲ್ಲ. 60 ದಾಟಿದ ಬಡವರಿಗೆ ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. 65 ದಾಟಿದ ಸಣ್ಣ ರೈತ, ಕೃಷಿ ಕೂಲಿ, ನೇಕಾರ ಮುಂತಾದವರಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು; ಅದರ ಮಾಸಾಶನ 2021ರಲ್ಲಿ 1,000 ರೂಪಾಯಿಯಿಂದ 1,200ಕ್ಕೆ ಏರಿತು. ವಿಧವಾ ವೇತನವೂ ಅದೇ ವರ್ಷ 600ರಿಂದ 800 ಆಯಿತು. ಅರ್ಜಿ ಕೊಡುವ ಜಾಗ ನಾಡಕಚೇರಿ. ಹಿರಿಯ ನಾಗರಿಕರ ಗುರುತಿನ ಚೀಟಿ ಇದ್ದರೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವೇ ಬೇಡವಾಯಿತು. ಮಕ್ಕಳು ಕೈಬಿಟ್ಟವರಿಗೆ 2007ರ ಕೇಂದ್ರ ಕಾಯಿದೆಯಿದೆ. ಅದರಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸು ತಲಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂಬುದು ನಿಯಮ. ಕಷ್ಟ ಹೇಳಿಕೊಳ್ಳಲು 14567 ಎಂಬ ಉಚಿತ ದೂರವಾಣಿಯಿದೆ, ಕಾನೂನು ನೆರವಿಗೆ 15100 ಇದೆ. ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬುವರು ಇರುತ್ತಾರೆ. ಅಂಗವಿಕಲರಿಗೂ ಹಿರಿಯರಿಗೂ ಸೌಲಭ್ಯಗಳ ದಾರಿ ತೋರಿಸುವುದು ಅವರ ಕೆಲಸ. ಹೀಗೊಬ್ಬರಿದ್ದಾರೆ ಎಂದು ನಮ್ಮ ಸದಸ್ಯರಲ್ಲಿ ಎಷ್ಟು ಜನಕ್ಕೆ ಗೊತ್ತು?

ಪಟ್ಟಿ ಉದ್ದವಾಗಿಯೇ ಇದೆ. ಹೀಗಿದ್ದರೂ ಭೀಮಾ ತೀರದ ಮುದುಕಿಗೆ ಇದರಲ್ಲಿ ಎಷ್ಟು ದಕ್ಕುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಅಲ್ಲಿಯ ಜನ ಮಾಸಾಶನವನ್ನು 'ಪಗಾರ' ಎನ್ನುವುದುಂಟು. ಆ ಪಗಾರ ಶುರುವಾಗಬೇಕಾದರೆ ವಯಸ್ಸಿನ ದಾಖಲೆ ಬೇಕು. ಆಧಾರ್ ಚೀಟಿ ಮಾಡಿಸಿದ ದಿನ ಯಾರೋ ಅಂದಾಜಿಗೆ ಹತ್ತು ವರ್ಷ ಕಡಿಮೆ ಬರೆಸಿದ್ದರೆ, ಎಪ್ಪತ್ತರ ಮುದುಕ ಸರ್ಕಾರದ ಲೆಕ್ಕದಲ್ಲಿ ಅರವತ್ತರವನು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಹೆಸರಿದ್ದರೆ ಅದೂ ತೊಡಕೇ. ಎಲ್ಲ ಸರಿಹೋಗಿ ಹಣ ಬರತೊಡಗಿದ ಮೇಲೆ, ಖಾತೆಗೆ ಆಧಾರ್ ಜೋಡಣೆ ತಪ್ಪಿತೆಂದರೆ ನಿಂತುಹೋಗುತ್ತದೆ. ಏಕೆ ನಿಂತಿತೆಂದು ತಿಳಿಯಲು ಬ್ಯಾಂಕಿಗೆ ಹೋಗಬೇಕು, ಅಲ್ಲಿಂದ ನಾಡಕಚೇರಿಗೆ, ಅಲ್ಲಿಂದ ತಹಸೀಲ್ದಾರರ ಕಚೇರಿಗೆ. ಜೇವರ್ಗಿಯ ಒಂದು ಭಾಗ ಈಗ ಯಡ್ರಾಮಿ ತಾಲ್ಲೂಕಾಗಿದೆ. ತನ್ನ ಕಾಗದ ಯಾವ ಊರಿನ ಕಚೇರಿಯಲ್ಲಿದೆ ಎಂಬುದೇ ಓದುಬರಹ ಬಾರದವರಿಗೆ ಒಂದು ಒಗಟು. ಜೀವನಾಂಶ ಕೇಳಬೇಕೆಂದರಂತೂ ಮೂರು ತಾಲ್ಲೂಕಿನವರೂ ಕಲಬುರಗಿಗೇ ಹೋಗಬೇಕು, ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಅಲ್ಲಿ. ಆಳಂದ, ಜೇವರ್ಗಿ ಪಟ್ಟಣಗಳಿಂದ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ಹೆಚ್ಚು. ಹಳ್ಳಿಯಿಂದ ಪಟ್ಟಣಕ್ಕೆ ಟಂಟಂನಲ್ಲಿ ಬರುವ ದೂರ ಇದರಲ್ಲಿ ಸೇರಿಲ್ಲ.

ಇನ್ನು ಹೆಬ್ಬೆಟ್ಟಿನ ಸಂಗತಿ. ನಲವತ್ತು ವರ್ಷ ಕುಡುಗೋಲು ಹಿಡಿದ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಅದನ್ನು ಗುರುತಿಸುವುದಿಲ್ಲ. ಕಣ್ಣಿನ ಗುರುತಿನಿಂದಲೂ ಆಧಾರ್ ದೃಢಪಡಿಸಲು ಅವಕಾಶವಿದೆ ಎಂದು ಆ ಹೊತ್ತಿನಲ್ಲಿ ಹೇಳಿಕೊಡುವವರು ಯಾರು? 2018ರಲ್ಲಿ ಆರಂಭವಾದ ಅಂಚೆ ಪಾವತಿ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಹಣ ಕೊಡಬಲ್ಲ ಎಂಬುದೂ ಹಾಗೆಯೇ, ತಿಳಿದವರಿಗೆ ಮಾತ್ರ ಉಪಯೋಗ. ಆಳಂದದ ಗಡಿ ಊರುಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಹಲವು ಮನೆಗಳಲ್ಲಿ ದಖನಿ ಉರ್ದು. ಕಚೇರಿಯ ಕನ್ನಡ ಕನ್ನಡದವರಿಗೇ ಅರ್ಥವಾಗದಿರುವಾಗ ಇವರ ಗತಿಯೇನು? ಈ ಸಂದಿಯಲ್ಲಿಯೇ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ. ಕಚೇರಿಗೆ ಜೊತೆಯಲ್ಲಿ ಬರುವುದೊಂದೇ ಅವನು ಮಾಡುವ ಉಪಕಾರ, ಅದಕ್ಕೆ ಅವನಿಗೆ ಮೊದಲ ಕೆಲವು ತಿಂಗಳ ಪಗಾರ ಕೊಡಬೇಕಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಹೊಸ ಯೋಜನೆಗಳಿಗಿಂತ ಮೊದಲು ಅಲ್ಲಿ ಬೇಕಾಗಿರುವುದು ಅರ್ಜಿ ಬರೆದುಕೊಟ್ಟು, ಕಚೇರಿಗೆ ಜೊತೆಯಲ್ಲಿ ಹೋಗಿ, ಹಣ ಬಂತೇ ಎಂದು ತಿಂಗಳಾದ ಮೇಲೆ ವಿಚಾರಿಸುವ ಒಬ್ಬ ನಂಬಿಗಸ್ಥ ಮನುಷ್ಯ. ಅಂಥವನನ್ನು ಒದಗಿಸುವ ಯೋಗ್ಯತೆ ಊರಿನ ಸಹಕಾರ ಸಂಘಕ್ಕೆ ಇರುವಷ್ಟು ಬೇರೆ ಯಾರಿಗೂ ಇಲ್ಲ.

ಇದು ಅತಿಯಾದ ಮಾತಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದಾಗ, ಸಾಹುಕಾರನ ಬಾಗಿಲಿಗೆ ಒಬ್ಬೊಬ್ಬರೇ ಹೋಗಿ ಸೋಲುತ್ತಿದ್ದ ರೈತರು ಒಟ್ಟಾಗಿ ನಿಂತರು. ಕಚೇರಿಯ ಬಾಗಿಲಿನಲ್ಲಿ ಒಬ್ಬಂಟಿಯಾಗಿ ನಿಂತಿರುವ ಮುದುಕನ ಸ್ಥಿತಿಯೂ ಅದೇ. ಸಂಘದ ಕಾರ್ಯದರ್ಶಿಗೆ ಊರಿನ ಮನೆಮನೆಯ ಗುರುತಿದೆ. ಯಾರ ಮಗ ಎಲ್ಲಿದ್ದಾನೆ, ಯಾರ ಹೆಸರಿನಲ್ಲಿ ಎಷ್ಟು ಜಮೀನಿದೆ ಎಂಬುದು ಅವನಿಗೆ ಗೊತ್ತು. ಇದಲ್ಲದೆ 2023ರ ಫೆಬ್ರವರಿಯಲ್ಲಿ ಆದ ಒಪ್ಪಂದದಂತೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಸಾಮಾನ್ಯ ಸೇವಾ ಕೇಂದ್ರಗಳಾಗಿಯೂ ಕೆಲಸ ಮಾಡಬಹುದು. ಎಂದರೆ, ಗೊಬ್ಬರ ಮಾರುವ ಕಟ್ಟಡದಲ್ಲಿಯೇ ಅರ್ಜಿಯನ್ನೂ ಹಾಕಿಸಬಹುದು.

ಮಾಡಬೇಕಾದದ್ದು ನಾಲ್ಕು ಕೆಲಸ. ಒಂದು, ಊರಿನ 60 ದಾಟಿದವರ ಹೆಸರು, ಯಾರಿಗೆ ಏನು ಬರುತ್ತಿದೆ, ಏನು ನಿಂತಿದೆ ಎಂಬ ಒಂದು ರಿಜಿಸ್ಟರು. ಎರಡು, ವಾರದಲ್ಲಿ ಒಂದು ದಿನ, ಸಂತೆಯ ದಿನವಾದರೆ ಒಳ್ಳೆಯದು, ಹಿರಿಯರ ಕೆಲಸಕ್ಕೆಂದೇ ಒಬ್ಬ ಗುಮಾಸ್ತ. ಮೂರು, ತಿಂಗಳಿಗೊಮ್ಮೆ ಹತ್ತಾರು ಜನರನ್ನು ಕೂಡಿಸಿಕೊಂಡು ತಾಲ್ಲೂಕು ಕಚೇರಿಗೆ ಹೋಗಿಬರುವುದು; ಒಬ್ಬರನ್ನು 'ನಾಳೆ ಬಾ' ಎಂದು ಕಳಿಸುವುದು ಸುಲಭ, ಹತ್ತು ಜನರನ್ನು ಕಳಿಸುವುದು ಅಷ್ಟು ಸುಲಭವಲ್ಲ. ನಾಲ್ಕು, ಒಪ್ಪಿದವರ ಕಾಗದಗಳ ನಕಲನ್ನು ಸಂಘದ ತಿಜೋರಿಯಲ್ಲಿ ಇಡುವುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ನುಗ್ಗಿತು. ನೀರು ಬಂದಾಗ ಟ್ರಂಕಿನ ಕಾಗದ ಹೋದರೆ ಪಗಾರವೂ ಅದರೊಡನೆ ಹೋದಂತೆ.

ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಸಂಘಕ್ಕೇಕೆ ಆ ಉಸಾಬರಿ ಎಂದು ಕೆಲವರು ಆಕ್ಷೇಪಿಸಬಹುದು. ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪುಣೆಯಲ್ಲಿ ಗಾರೆ ಕೆಲಸ ಮಾಡುವ ಮಗ, ಅವ್ವನ ಪಗಾರ ನಿಂತಿತೆಂದು ಮೂರು ದಿನದ ಕೂಲಿ ಬಿಟ್ಟು ಬಂದರೆ, ಬಂದ ಖರ್ಚು ಆ ತಿಂಗಳ 1,200 ರೂಪಾಯಿಯನ್ನು ಮೀರುತ್ತದೆ. ಅವನಿಗೆ ಮನಸ್ಸಿಲ್ಲವೆಂದು ದೂರುವ ಮೊದಲು ಈ ಲೆಕ್ಕ ನೋಡಬೇಕು. ಖರ್ಚಿನ ವಿಷಯಕ್ಕೆ ಬಂದರೆ, ಲಾಭ ಹಂಚುವಾಗ ಧರ್ಮಾರ್ಥಕ್ಕೆಂದು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಮಹಾಸಭೆಯ ಒಪ್ಪಿಗೆಯಿಂದ ಇದಕ್ಕೆ ಕೊಟ್ಟರೆ ಸಾಕಾದೀತು.

ನಮ್ಮ ಸದಸ್ಯರು ತಮಗಾಗಿಯೇ ಗಮನಿಸಬೇಕಾದ ಒಂದು ಅಂಶವೂ ಈ ಕಾಯಿದೆಯಲ್ಲಿದೆ. ತೋಟವನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅವರು ಆರೈಕೆ ಮಾಡದಿದ್ದರೆ, 23ನೆಯ ಕಲಮಿನಂತೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಆರೈಕೆಯ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟಿದ್ದೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟು, ಹಿರಿಯರ ಹಿತಕ್ಕಾಗಿ ಬಂದ ಈ ಕಾಯಿದೆಯನ್ನು ಉದಾರವಾಗಿ ಅರ್ಥ ಮಾಡಬೇಕೆಂದೂ ಹೇಳಿತು. ಹಾಗೆಂದು ಕೋರ್ಟಿನ ಔದಾರ್ಯವನ್ನು ನೆಚ್ಚಿ ಕೂರುವುದು ಬುದ್ಧಿವಂತಿಕೆಯಲ್ಲ. ಪತ್ರ ಬರೆಸುವಾಗಲೇ ಷರತ್ತನ್ನು ಒಂದು ಸಾಲಿನಲ್ಲಿ ಸೇರಿಸಿಬಿಡಬೇಕು. ಆಳಂದದ ಎರಡೆಕರೆಯವನಿಗೂ ನಮ್ಮ ತೋಟದವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಭೀಮಾ ತೀರದ ಸಂಘಗಳಿಗೆ ಬುದ್ಧಿ ಹೇಳಿ ನಾವು ಸುಮ್ಮನಿರುವುದು ತರವಲ್ಲ. ಬರುವ ಮಹಾಸಭೆಯಲ್ಲಿ ನಮ್ಮ ಸಂಘವೇ ಈ ರಿಜಿಸ್ಟರನ್ನು ತೆರೆಯುವ ಠರಾವು ಮಾಡಲಿ. ತೋಟದ ಲೈನುಗಳಲ್ಲಿರುವ ಮುದಿ ಆಳುಗಳ ಹೆಸರನ್ನೂ ಅದರಲ್ಲಿ ಬರೆಯಲಿ. ಅಷ್ಟರವರೆಗೆ ಕಾಯಬೇಕಾಗಿಲ್ಲ. ಈ ವಾರವೇ ತಮ್ಮ ಪಕ್ಕದ ಮನೆಯ ಹಿರಿಯರೊಬ್ಬರ ಬ್ಯಾಂಕ್ ಪುಸ್ತಕವನ್ನು ತೆಗೆದು, ಕಳೆದ ತಿಂಗಳ ಹಣ ಬಂದಿದೆಯೇ ಎಂದು ನೋಡಿರಿ. ಬಂದಿಲ್ಲವಾದರೆ ಅವರೊಡನೆ ನಾಡಕಚೇರಿಯವರೆಗೆ ಹೋಗಿಬನ್ನಿರಿ.