ನಳಿಗೆ ನೀಳವಾದರೆ ಗುಂಡು ದೂರ ಹೋಗುವುದೇ?

ಕೋವಿಯ ನಳಿಗೆ ಎಷ್ಟು ಉದ್ದವೋ ಗುಂಡು ಅಷ್ಟು ದೂರ, ಅಷ್ಟೇ ನೇರವಾಗಿ ಹೋಗುವುದೆಂಬ ನಂಬಿಕೆ ಜನಸಾಮಾನ್ಯರಲ್ಲಿ ಬಲವಾಗಿ ಬೇರೂರಿದೆ. ಭೌತಶಾಸ್ತ್ರವನ್ನು ಓದುವ ತರುಣರೂ ಇದಕ್ಕೆ ಹೊರತಲ್ಲ. ವಿಜಯಪುರದಲ್ಲಿ ಪಾಠ ಹೇಳುವ ನನಗೆ ಈ ನಂಬಿಕೆಯ ಪರಿಚಯ ಚೆನ್ನಾಗಿಯೇ ಇದೆ. ಉಪ್ಪಲಿ ಬುರುಜಿನ ಮೇಲಿನ ಉದ್ದ ತೋಪು ತಿಕೋಟಾದವರೆಗೆ ಗುಂಡು ಹಾರಿಸುತ್ತಿತ್ತೇ, ಬಬಲೇಶ್ವರವನ್ನೂ ಮುಟ್ಟುತ್ತಿತ್ತೇ ಎಂದು ಆ ಊರುಗಳಿಂದ ಬರುವ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಕೇಳದೆ ಬಿಡುವುದಿಲ್ಲ. ಮದ್ದು, ಗುಂಡು, ಉದ್ದೇಶ ಈ ಮೂರನ್ನೂ ಬದಿಗಿಟ್ಟು ನಳಿಗೆಯ ಉದ್ದವೊಂದನ್ನೇ ಹೊಗಳುವುದು ಅರ್ಥವಿಲ್ಲದ ಮಾತೆಂದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದ ಸಾಕ್ಷಿಗಳು ನಮ್ಮೂರಿನ ಬುರುಜುಗಳ ಮೇಲೆಯೇ ಇವೆ.

ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಯಾರು ನೋಡಿಲ್ಲ? 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಕಂಚಿನಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್ನು ಎನ್ನುತ್ತಾರೆ. ಉದ್ದ ಮಾತ್ರ ಸುಮಾರು 14 ಅಡಿ. ಒಳವ್ಯಾಸ 2 ಅಡಿ 4 ಅಂಗುಲ. ಉಪ್ಪಲಿ ಬುರುಜನ್ನು ಹೈದರ್ ಖಾನನು ಸುಮಾರು 1584ರಲ್ಲಿ ಕಟ್ಟಿಸಿದನು. ಅದರ ಮೇಲಿನ ಉದ್ದ ತೋಪು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಮಾಡಿದುದು. ಉದ್ದ 30 ಅಡಿಗೂ ಮಿಗಿಲು, ಒಳವ್ಯಾಸ ಒಂದಡಿ. ಉದ್ದವನ್ನು ಒಳವ್ಯಾಸದಿಂದ ಭಾಗಿಸಿ ನೋಡಿರಿ. ಮೊದಲನೆಯದಕ್ಕೆ 6 ಬರುತ್ತದೆ, ಎರಡನೆಯದಕ್ಕೆ 30. ನಳಿಗೆ ಗಿಡ್ಡವೋ ನೀಳವೋ ಎಂಬುದನ್ನು ಹೇಳುವುದು ಅಡಿಗಳ ಲೆಕ್ಕವಲ್ಲ, ಈ ಭಾಗಲಬ್ಧ. ಭಾರವಾದ ಕಲ್ಲುಗುಂಡನ್ನೋ ಚೂರುಲೋಹವನ್ನೋ ಸಮೀಪದ ದಂಡಿನ ಮೇಲೆ ಚೆಲ್ಲುವುದಕ್ಕೆ ಮೊದಲನೆಯದು ಯೋಗ್ಯ. ಅದಕ್ಕೆ ಉದ್ದವನ್ನು ಕೊಟ್ಟಿದ್ದರೆ ಕಂಚು ದಂಡವಾಗುತ್ತಿತ್ತು.

ಇನ್ನು ನಳಿಗೆಯೊಳಗೆ ನಡೆಯುವುದೇನು? ಮದ್ದು ಉರಿದು ಅನಿಲವಾಗುತ್ತದೆ, ಅನಿಲವು ಗುಂಡನ್ನು ತಳ್ಳುತ್ತದೆ. ಗುಂಡು ಮುಂದೆ ಸರಿದಂತೆ ಅದರ ಹಿಂದಿನ ಜಾಗ ಹಿಗ್ಗುತ್ತದೆ. ಜಾಗ ಹಿಗ್ಗಿದಂತೆ ಒತ್ತಡ ಇಳಿಯುತ್ತದೆ. ಬಾಯ್ಲನ ನಿಯಮವನ್ನು ಓದಿದವರಿಗೆ ಇದು ಹೊಸತಲ್ಲ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು 1742ರಲ್ಲಿ ತೋಪಿನ ಲೆಕ್ಕವನ್ನು ಹೂಡಿದ್ದು ಈ ನಿಯಮದ ಮೇಲೆಯೇ. ಆದುದರಿಂದ ನಳಿಗೆಯ ಮೊದಲ ಅಡಿಯಲ್ಲಿ ಗುಂಡಿಗೆ ದೊರೆಯುವ ಶಕ್ತಿ ಕೊನೆಯ ಅಡಿಯಲ್ಲಿ ದೊರೆಯದು. ಹಳೆಯ ತೋಪುಗಳಲ್ಲಿ ಗುಂಡು ನಳಿಗೆಗಿಂತ ತುಸು ಸಣ್ಣದು. ಆ ಸಂದಿಯಲ್ಲಿ ಅನಿಲ ಸೋರಿಹೋಗುತ್ತಿದ್ದುದು ಬೇರೆ.

18ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ವೂಲಿಚ್‌ನಲ್ಲಿ ಬೇರೆಬೇರೆ ಉದ್ದದ ತೋಪುಗಳನ್ನು ಹಾರಿಸಿ ಅಳೆದನು. ಮದ್ದು ಅಷ್ಟೇ ಇದ್ದರೆ ಗುಂಡು ಬೀಳುವ ದೂರವು ಹೆಚ್ಚುಕಡಿಮೆ ನಳಿಗೆಯ ಉದ್ದದ ಐದನೆಯ ಮೂಲದಂತೆ ಬೆಳೆಯುವುದೆಂದು ಅವನು ಕಂಡನು. ಉದ್ದವನ್ನು ಇಮ್ಮಡಿಸಿದರೆ ದೂರ ಹೆಚ್ಚುವುದು ಏಳರಲ್ಲೊಂದು ಪಾಲು ಮಾತ್ರ! ಉಪ್ಪಲಿ ಬುರುಜಿನ ಮೇಲೆ ಇನ್ನೊಂದು ತೋಪಿದೆ. ಅದರ ಒಳವ್ಯಾಸವೂ ಒಂದಡಿ. ಉದ್ದ ಸುಮಾರು 20 ಅಡಿ. ಎರಡಕ್ಕೂ ಒಂದೇ ತೂಕದ ಮದ್ದು, ಒಂದೇ ಗುಂಡು ಹಾಕಿದರೆಂದು ಭಾವಿಸಿ ಹಟನನ ಸೂತ್ರವನ್ನು ಹಚ್ಚಿದರೆ, ಗಿಡ್ಡ ತೋಪು ನೂರಕ್ಕೆ ಎಂಟು ಪಾಲು ಮಾತ್ರ ಹಿಂದೆ ಬೀಳುತ್ತದೆ. ಆ ಎಂಟು ಪಾಲಿಗಾಗಿ ಇನ್ನೂ ಹತ್ತಡಿ ಉದ್ದದ ಕಬ್ಬಿಣವನ್ನು ಬಡಿದು, 80 ಅಡಿಯ ಬುರುಜಿನ ಮೇಲಕ್ಕೆ ಏರಿಸಿದರು. ನಿಧಾನವಾಗಿ ಉರಿಯುವ ಒರಟು ಮದ್ದಾಗಿದ್ದರೆ ನೀಳ ನಳಿಗೆಗೆ ಸ್ವಲ್ಪ ಹೆಚ್ಚಿನ ಲಾಭವಾದೀತೆಂಬುದು ನಿಜ. ಆದರೂ ಬೆಲೆ ಹೆಚ್ಚಾಯಿತೆಂದೇ ನನಗೆ ತೋರುತ್ತದೆ.

ತಿಕೋಟಾದ ಮಾತು ಉಳಿಯಿತು. ಅದು ಸುಮಾರು 20 ಕಿಲೋಮೀಟರು ದೂರ. ಗಾಳಿಯೇ ಇಲ್ಲದ ಲೋಕದಲ್ಲಿ ಅಲ್ಲಿಗೆ ಗುಂಡು ಹಾರಿಸಲು ಸೆಕೆಂಡಿಗೆ 443 ಮೀಟರು ವೇಗ ಬೇಕು. ಕರಿಮದ್ದಿನ ತೋಪಿಗೆ ಇದು ಪೂರ್ತಿ ಅಸಾಧ್ಯವಾದ ವೇಗವೇನಲ್ಲ. ಆದರೆ ಗಾಳಿ ಇದೆಯಲ್ಲ! ಒಂದಡಿ ವ್ಯಾಸದ ಕಬ್ಬಿಣದ ಗುಂಡು ಸುಮಾರು 100 ಕಿಲೋಗ್ರಾಂ ತೂಗುತ್ತದೆ. ಆ ವೇಗದಲ್ಲಿ ಗಾಳಿ ಅದನ್ನು ತಡೆಯುವ ಬಲ ಗುಂಡಿನ ತೂಕದ ಆರೇಳು ಪಟ್ಟು. ಗುಂಡು ಕೆಲವೇ ಕಿಲೋಮೀಟರುಗಳಲ್ಲಿ ನೆಲ ಕಚ್ಚುತ್ತದೆ. ತಿಕೋಟಾ, ಬಬಲೇಶ್ವರಗಳ ಜನ ನಿಶ್ಚಿಂತೆಯಿಂದ ನಿದ್ರಿಸಿರಬೇಕು. ನಮ್ಮ ಪಠ್ಯಗಳಲ್ಲಿ ‘ಗಾಳಿಯ ತಡೆಯನ್ನು ಲೆಕ್ಕಿಸಬೇಡಿ’ ಎಂದು ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ಲೆಕ್ಕಿಸದೆ ಬಿಟ್ಟದ್ದೇ ಉತ್ತರದ ಬಹುಪಾಲು.

ಇಂದಿನ ದೂರಗುರಿಯ ರೈಫಲ್ಲುಗಳನ್ನು ಕಟ್ಟುವವರಿಗೂ ಪ್ರಶ್ನೆ ಇದೇ. 1000 ಗಜದ ಸ್ಪರ್ಧೆಯಲ್ಲಿ ಗುಂಡು ಗುರಿ ಮುಟ್ಟುವವರೆಗೂ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯಬಾರದು. ಇಳಿಯುವ ಗಳಿಗೆಯಲ್ಲಿ ಅದು ತೊನೆದಾಡಿ ದಾರಿ ತಪ್ಪುವುದುಂಟು. ಆದಕಾರಣ 7.62 ಮಿಲಿಮೀಟರಿನ ಗುಂಡು ಬಳಸುವ ಇಂಥ ಸ್ಪರ್ಧಿಗಳು 30 ಅಂಗುಲದ ನಳಿಗೆಯನ್ನು ಆರಿಸುತ್ತಾರೆ. 24 ಅಂಗುಲದಿಂದ 30ಕ್ಕೆ ಹೋದರೆ ವೇಗ ಹೆಚ್ಚುವುದು ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ದಪ್ಪ ಅಷ್ಟೇ ಇದ್ದರೆ ನಳಿಗೆಯ ಬಿಗಿತವು ಉದ್ದದ ಘನಕ್ಕೆ ವಿಲೋಮವಾಗಿ ಕುಗ್ಗಿ, ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬಾಗುವ, ಕಂಪಿಸುವ ನಳಿಗೆಯಿಂದ ನಿಖರತೆ ಹೇಗೆ ಹೆಚ್ಚೀತು? ದಪ್ಪವನ್ನು ಹೆಚ್ಚಿಸಿ ಬಿಗಿತವನ್ನು ಮರಳಿ ಪಡೆಯಬಹುದು. ಆಗ ತೂಕ ಏರುತ್ತದೆ. 1000 ಗಜಕ್ಕೆ ಆ ಸಾಲ ತಕ್ಕದ್ದು, 300 ಮೀಟರಿಗೆ ತಕ್ಕದ್ದಲ್ಲ.

ಉದ್ದದಿಂದ ನಿಖರತೆ ಹೆಚ್ಚುವುದೆಂಬ ಮಾತಿಗೆ ಒಂದು ಹಳೆಯ ಆಧಾರವುಂಟು. ಕಣ್ಣಿನಿಂದ ಗುರಿ ಹಿಡಿಯುವಾಗ ಹಿಂದಿನ ಗುರಿಕಿಂಡಿಗೂ ಮುಂದಿನದಕ್ಕೂ ಅಂತರ ಹೆಚ್ಚಿದಷ್ಟೂ ಕೋನದ ತಪ್ಪು ಕಡಿಮೆ. ದೂರದರ್ಶಕವನ್ನು ಕೂಡಿಸಿದ ಮೇಲೆ ಆ ಲಾಭ ಉಳಿಯುವುದಿಲ್ಲ. 10 ಮೀಟರಿನ ಗಾಳಿ ರೈಫಲ್ಲಿನಲ್ಲಿಯಂತೂ (ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದುದು ಈ ಸ್ಪರ್ಧೆಯಲ್ಲಿ) ನಿಜವಾದ ನಳಿಗೆ ಸುಮಾರು 42 ಸೆಂಟಿಮೀಟರು ಮಾತ್ರ. ಮುಂದೆ ಕಾಣುವ ಭಾಗವು ಗುರಿಕಿಂಡಿಯನ್ನು ಹೊರಲು ಜೋಡಿಸಿದ ಬರಿಯ ಕೊಳವೆ. ಗುಂಡು ಒಳಗೆ ತಂಗುವ ಕಾಲ ಕಡಿಮೆಯಾದಷ್ಟೂ ಕೈಯ ಅದುರು ಅದಕ್ಕೆ ತಟ್ಟುವುದು ಕಡಿಮೆಯೆಂದು ಹೀಗೆ ಮಾಡುತ್ತಾರೆ.

ಪ್ರವಾಸಿಗಳಿಗೆ ತೋಪು ತೋರಿಸುವವರು ಉದ್ದವನ್ನೂ ತೂಕವನ್ನೂ ಹೇಳಿ ಬೆರಗುಗೊಳಿಸುತ್ತಾರೆ. ಅದು ಅವರ ಕಸುಬು. ಕಾಲೇಜುಗಳು ವಿದ್ಯಾರ್ಥಿಗಳನ್ನು ಕರೆದೊಯ್ದು ಅದನ್ನೇ ಹೇಳಿ ಮರಳುವುದು ನನಗೆ ಸರಿತೋರದು. ಮುಂದಿನ ಸಲ ಉಪ್ಪಲಿ ಬುರುಜನ್ನು ಏರುವವರು ಒಂದು ಅಳತೆಪಟ್ಟಿಯನ್ನು ಕೊಂಡೊಯ್ಯಲಿ. ಎಲ್ಲರೂ ನಿಂತು ಚಿತ್ರ ತೆಗೆಸಿಕೊಳ್ಳುವ ನೀಳ ತೋಪನ್ನು ಅಳೆದಾದ ಮೇಲೆ ಆ ಇನ್ನೊಂದನ್ನೂ ಅಳೆಯಲಿ. ಎರಡರ ಬಾಯಿಯ ಬಳಿ ಲೋಹದ ದಪ್ಪವೆಷ್ಟು, ಬುಡದ ಬಳಿ ಎಷ್ಟು ಎಂಬುದನ್ನೂ ಗುರುತು ಹಾಕಿಕೊಂಡು ಬರಲಿ. ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಪಾಠವನ್ನು ಆ ನಾಲ್ಕು ಅಂಕಿಗಳಿಂದಲೇ ಆರಂಭಿಸಬಹುದು.